ಗ್ಯಾರೇಜಿಗೆ ಕೆಲ್ಸ ಕಲಿಯಾಕ ಬಂದ ಹುಡುಗ ಹೆಂಗಿರಬೇಕು? ಹಿಂದಿನ ಕಾಲದಾಗ ಇದಕ್ಕ ಏನಾರ ಕಟ್ಟಳೆ ಇತ್ತೇನ್ರಿ?

ಗಂಗಾವತಿ_ಗ್ಯಾರೇಜ್

ನಮಸ್ಕಾರ್ರಿ ಎಲ್ಲಾರಿಗೂ. ಗಂಗಾವತಿಯೊಳಗ ನಂದೊಂದು ಟೂವೀಲರ್ ಗ್ಯಾರೇಜ್ ಐತಿ, ಪಗಾರದ ಮ್ಯಾಲ ನಾಕ್ ಮಂದಿ ಅದಾರ. ಮೊನ್ನೆ ದಸರಾ ಆದಮ್ಯಾಲ ಹೊಸದಾಗಿ ಒಬ್ಬ ಹುಡುಗ ಸೇರ್ಯಾನ, ಐಟಿಐ ಮುಗಿಸ್ಯಾನ, ಹತ್ತೊಂಬತ್ತು ವಯಸ್ಸು. ಕೈ ಚಲೋ ಐತಿ, ಸುಳ್ಳ್ಯಾಕ ಹೇಳ್ಲಿ. ಕಾರ್ಬೊರೇಟರ್ ಬಿಚ್ಚಿದ್ರ ಒಂದೊಂದ್ ಜೆಟ್ಟೂ ಡಬ್ಬಿ ಮುಚ್ಚಳದಾಗ ಸಾಲಾಗಿ ಇಟ್ಕೊಂತಾನ, ನಮ್ಮ ಹಳೇ ಹುಡುಗ್ರಿಗೆ ಅದು ಇನ್ನೂ ಬಂದಿಲ್ಲ. ಆದ್ರ ನಡತಿ ವಿಚಾರಕ್ಕ ಬಂದ್ರ ದಿನಾ ತಿಕ್ಕಾಟ. ಚಹಾ ತಗೊಂಬಾ ಅಂದ್ರ ಮಾರಿ ಸಣ್ಣದು ಮಾಡ್ತಾನ, ಗಿರಾಕಿ ಮುಂದ ನಿಂತ್ಕೊಂಡ ಫೋನ್ ನೋಡ್ತಾನ, ಮೊನ್ನೆ "ಅಣ್ಣಾ ನನಗ ಇಂಜಿನ್ ಕೆಲ್ಸ ಯಾವಾಗ ಕೊಡ್ತೀರಿ" ಅಂತ ಎಲ್ಲಾರ ಮುಂದ ಕೇಳಿಬಿಟ್ಟ. ನಾ ಕಲಿಯಾಕ ಹೋದಾಗ ನಮ್ಮ ಉಸ್ತಾದ್ "ಹತ್ತು-ಹನ್ನೊಂದು" ಅಂತ ಕೈ ಚಾಚಿದ್ರ ಪಾನಾ ಕೈಯಾಗ ಬೀಳ್ಬೇಕಿತ್ತು, ತಡ ಆದ್ರ ಅದೇ ಪಾನಾ ತಲಿಮ್ಯಾಲ ಬೀಳ್ತಿತ್ತು. ಅವ್ರ ಮನಿಗೆ ನೀರು ಹೊತ್ತೀವಿ, ಅವ್ರ ಮಕ್ಕಳನ್ನ ಸಾಲಿಗೆ ಬಿಟ್ ಬಂದೀವಿ, ಯಾವತ್ತೂ ಯಾಕ ಅಂತ ಕೇಳಿಲ್ಲ.

ಈಗ ಗೋಡಿಮ್ಯಾಲ ಒಂದು ನಿಯಮದ ಪಟ್ಟಿ ಬರ್ಸಿ ಹಾಕ್ಬೇಕಂತ ಮಾಡೀನಿ. ಹಿಂದಿನ ಕಾಲದಾಗ ಕೆಲ್ಸ ಕಲಿಯೋರು ಹಿಂಗಿರ್ಬೇಕು, ಹಂಗಿರ್ಬೇಕು ಅಂತ ಬರ್ದಿಟ್ಟ ಕಟ್ಟಳೆ ಇದ್ವೇನು? ಕಾನೂನಿನೊಳಗ ಏನೈತಿ? ತಿಳಿದೋರು ಹೇಳ್ರಿ. ಮಜಾ ಮಾಡಾಕ ಬರೋರು ದಯವಿಟ್ಟು ಬ್ಯಾರೆ ಕಡೆ ಹೋಗ್ರಿ.

ಕೌಲ್‌ಬಜಾರ್_ಟೈಲರ್

ಅಣ್ಣಾ ನಾನು ಬಳ್ಳಾರಿಯಾಗೆ ಟೈಲರು, ನಿಮ್ ಸಿಟ್ಟು ನಂಗರ್ಥ ಆಗ್ತೈತೆ. ನಾನು ಕಲಿಯಾಕೆ ಕುಂತಾಗ ಮೊದ್ಲು ಕೊಟ್ಟಿದ್ದು ಕಾಜಾ. ಬರೀ ಕಾಜಾ, ಗುಂಡಿ, ಕೈ ಹೆಮ್ಮಿಂಗು. ಅದೂ ಮೊದ್ಲು ಗಿರಾಕಿ ಬಟ್ಟೆ ಮೇಲಲ್ಲ, ಕಟಿಂಗ್ ಟೇಬಲ್ ಕೆಳಗೆ ಬಿದ್ದಿರೋ ಚಿಂದಿ ಆರಿಸ್ಕೊಂಡು ಅದರ ಮೇಲೆ ಹಾಕ್ಬೇಕು, ಮಾಸ್ಟರ್ ಕನ್ನಡಕ ಮೇಲೆತ್ತಿ ನೋಡ್ತಿದ್ರು, ದಾರ ಒಂದು ಕಡೆ ದಟ್ಟ ಒಂದು ಕಡೆ ತೆಳು ಆದ್ರೆ ಏನೂ ಅಂತಿರ್ಲಿಲ್ಲ, ಬ್ಲೇಡ್ ತಗೊಂಡು ಪೂರಾ ಬಿಚ್ಚಿ ವಾಪಸ್ ಕೊಡ್ತಿದ್ರು ಅಷ್ಟೇ. ಆಮೇಲೆ ಪೆಟಿಕೋಟು, ಆಮೇಲೆ ಪೈಜಾಮ, ಶರ್ಟಿನ ಕಾಲರ್ ಕೈಗೆ ಬರೋ ಹೊತ್ತಿಗೆ ಮೀಸೆ ಬಂದಿತ್ತು. ಕತ್ರಿ ಅಂತೂ ಮುಟ್ಟಂಗೇ ಇರ್ಲಿಲ್ಲ, ಕಟಿಂಗ್ ಕಲ್ತ ಹುಡುಗ ಮರುದಿನ ಎದುರಂಗಡಿ ಹಾಕ್ತಾನೆ ಅನ್ನೋ ಭಯ.

ಆದ್ರೆ ಒಂದು ಮಾತು. ಈಗ ನಮ್ಮೂರಿನ ಜೀನ್ಸ್ ಯೂನಿಟ್ಟಿಗೆ ಹೋಗಿ ನೋಡಿ, ಒಬ್ಬ ಬರೀ ಜೇಬು ಹೊಲಿತಾನೆ, ಇನ್ನೊಬ್ಬ ಬರೀ ಬೆಲ್ಟ್ ಪಟ್ಟಿ, ಪೀಸ್ ಲೆಕ್ಕ. ಯಾರೂ ಯಾರಿಗೂ ಚಹಾ ತರಂಗಿಲ್ಲ, ಯಾರ ಕೈಲೂ ಬೈಸ್ಕೊಳಂಗಿಲ್ಲ, ಆದ್ರೆ ವರ್ಷಾನುಗಟ್ಲೆ ಜೇಬು ಹೊಲಿದ ಹುಡುಗನಿಗೆ ಒಂದು ಪೂರ್ತಿ ಪ್ಯಾಂಟು ಹೊಲಿಯಾಕೆ ಬರಂಗಿಲ್ಲ. ಪೀಸಿಗೆ ಇಷ್ಟು ಅಂತ ದುಡ್ಡಿದ್ರೆ ನಿಂತು ಹೇಳಿಕೊಡಾಕೆ ಯಾರಿಗೆ ಪುರುಸೊತ್ತೈತೆ, ಕೇಳಾಕೆ ಯಾರಿಗೈತೆ? ಅದಕ್ಕೇ ಹೇಳ್ತೀನಿ, ಇಂಜಿನ್ ಕೆಲ್ಸ ಯಾವಾಗ ಅಂತ ಬಾಯಿಬಿಟ್ಟು ಕೇಳೋ ಹುಡುಗನ್ನ ಕಳ್ಕೊಬೇಡಿ. ಫೋನಿಗೆ ಮಾತ್ರ ಕಡಿವಾಣ ಹಾಕಿ, ಅದರಾಗೆ ನಾನು ನಿಮ್ ಕಡೆ.

ರಾಯಚೂರು_ಮಾಸ್ತರ್

ಕಟ್ಟಳೆ ಇದ್ವೇನು ಅಂತ ಕೇಳೀರಿ. ಇದ್ವು, ಬೇಕಾದಷ್ಟು ಇದ್ವು. ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳೋ ಮನುಷ್ಯ, ಸ್ವಲ್ಪ ಉದ್ದ ಆಗ್ತದ, ಸಹಿಸ್ಕೋರಿ.

ಮೊದ್ಲು ನಮ್ಮ ದೇಶದ್ದೇ ನೋಡೋಣ. ನಾರದಸ್ಮೃತಿಯಲ್ಲಿ ಗುರುವಿನ ಮನೆಯಲ್ಲಿದ್ದು ಶಿಲ್ಪ, ಅಂದ್ರ ಕಸುಬು, ಕಲಿಯೋನಿಗೆ ಅಂತೇವಾಸಿ ಅಂತಾರ. ಅವನು ತನ್ನ ಮನಿಮಂದಿ ಒಪ್ಪಿಗಿ ತಗೊಂಡು, ಎಷ್ಟು ಕಾಲ ಇರ್ತೀನಿ ಅಂತ ಮೊದ್ಲೇ ಮಾತಾಡಿಕೊಂಡು ಗುರುವಿನ ಹತ್ರ ಇರ್ಬೇಕು. ಕೆಲಸ ಅವಧಿಗಿಂತ ಮುಂಚೇನೇ ಕಲ್ತುಬಿಟ್ರೂ ಹೊರಡೋ ಹಂಗಿಲ್ಲ, ಮಾತಾಡಿದಷ್ಟು ದಿನ ಇದ್ದು ತೀರಬೇಕು, ಆ ದಿನಗಳಲ್ಲಿ ಅವನು ದುಡಿದದ್ದೆಲ್ಲ ಗುರುವಿಗೆ. ತಪ್ಪಿಲ್ಲದ ಗುರುವನ್ನ ಬಿಟ್ಟು ಓಡಿಹೋದ್ರ ಹಿಡ್ಕೊಂಡ್ ಬಂದು ಇಟ್ಕೋಬಹುದು, ಹೊಡೀಬಹುದು, ಕೂಡಿಹಾಕಬಹುದು. ನಿಮ್ಮ ಉಸ್ತಾದ್ರು ಓದಿದ್ರ ಭಾಳ ಖುಷಿ ಪಡ್ತಿದ್ರು!

ಆದ್ರ ಅದೇ ಜಾಗದಾಗ ಗುರುವಿಗೂ ಹೇಳೈತಿ: ಅವನಿಗೆ ತನ್ನ ಮನಿಯಾಗ ಊಟ ಹಾಕಬೇಕು, ಕಲಿಸಬೇಕು, ಮಗನ ಹಂಗ ನೋಡ್ಕೋಬೇಕು, ಬೇರೆ ಕೆಲಸ ಹಚ್ಚಬಾರದು. ಇನ್ನೊಬ್ಬ ಸ್ಮೃತಿಕಾರ ಕಾತ್ಯಾಯನ ಇನ್ನೂ ಒಂದು ಹೆಜ್ಜೆ ಮುಂದ ಹೋಗ್ತಾನ. ಕಸುಬು ಕಲಿಸದೆ ಬೇರೆ ಚಾಕರಿ ಮಾಡಿಸೋ ಗುರುವಿಗೆ ದಂಡ ಹಾಕಬೇಕು, ಶಿಷ್ಯ ಅಂಥವನನ್ನ ಬಿಟ್ಟು ಹೋಗಬಹುದು ಅಂತ. ನೀರು ಹೊತ್ತದ್ದು, ಮಕ್ಕಳನ್ನ ಸಾಲಿಗೆ ಬಿಟ್ಟದ್ದು ಇದರಾಗ ಎಲ್ಲಿ ಬರ್ತದ ನೀವೇ ನೋಡ್ರಿ.

ಇದೇ ವಿಷಯ ಯಾಜ್ಞವಲ್ಕ್ಯಸ್ಮೃತಿಯಲ್ಲೂ ಐತಿ, ಅದಕ್ಕ ಮಿತಾಕ್ಷರಾ ಅನ್ನೋ ದೊಡ್ಡ ಟೀಕೆ ಬರೆದ ವಿಜ್ಞಾನೇಶ್ವರ ನಮ್ಮ ಕಡಿಯವನೇ, ಕಲ್ಯಾಣದಾಗ, ಆರನೇ ವಿಕ್ರಮಾದಿತ್ಯನ ಕಾಲದವನು. ಅಂದ್ರ ಈಗಿನ ಬಸವಕಲ್ಯಾಣ. ಹಿಂದೂ ಆಸ್ತಿ ಹಂಚಿಕೆ ವಿಚಾರಕ್ಕ ಕೋರ್ಟಿನಾಗ ಅವನ ಹೆಸರು ದಿನಾ ಓಡ್ತದ, ಕಸುಬು ಕಲಿಯೋ ಹುಡುಗರ ಬಗ್ಗೆಯೂ ಅವನು ಬರೆದಾನ ಅನ್ನೋದು ಯಾರಿಗೂ ನೆನಪಿರೋದಿಲ್ಲ.

ಇನ್ನೂ ಹಿಂದಕ್ಕ ಹೋದ್ರ ಬ್ಯಾಬಿಲೋನ್. ಹಮ್ಮುರಾಬಿಯ ಕಾನೂನು, ಕ್ರಿ.ಪೂ. 18ನೇ ಶತಮಾನದ್ದು. ಕುಶಲಕರ್ಮಿ ಒಬ್ಬ ಯಾರದೋ ಮಗನನ್ನ ಸಾಕಲಿಕ್ಕೆ ತಗೊಂಡು ತನ್ನ ಕಸುಬು ಕಲಿಸಿದ್ರ ಆ ಹುಡುಗನನ್ನ ಯಾರೂ ವಾಪಸ್ ಕೇಳೋ ಹಂಗಿಲ್ಲ. ಕಲಿಸಲಿಲ್ಲೋ, ಹುಡುಗ ಅಪ್ಪನ ಮನಿಗೆ ಹೋಗಬಹುದು. ಎರಡೇ ಸಾಲಿನ ಕಾನೂನು, ಆದ್ರ ಮುಖ್ಯವಾದದ್ದೆಲ್ಲಾ ಅದರಾಗೇ ಐತಿ.

ನಡತೆ ಪಟ್ಟಿ ಬೇಕು ಅಂದ್ರ ಇಂಗ್ಲೆಂಡಿನವರನ್ನ ನೋಡ್ರಿ, ಅವರು ಇದರಾಗ ಎತ್ತಿದ ಕೈ. 1563ರಲ್ಲಿ ರಾಣಿ ಎಲಿಜಬೆತ್ ಕಾಲದ ಕಾಯ್ದೆ, ಕನಿಷ್ಠ ಏಳು ವರ್ಷ ಕಲೀದೆ ಆ ಕಸುಬು ಮಾಡೋ ಹಂಗಿಲ್ಲ. ಆ ನಿಯಮ 1814ರ ತನಕ ಕಾಗದದ ಮೇಲಾದರೂ ಇತ್ತು. ಕರಾರು ಪತ್ರ ಒಂದೇ ಹಾಳಿಯಲ್ಲಿ ಎರಡು ಸಲ ಬರೆದು ನಡುವೆ ಹಲ್ಲು ಹಲ್ಲಾಗಿ ಕತ್ತರಿಸೋರು, ಒಂದು ಮಾಲೀಕನ ಹತ್ರ, ಇನ್ನೊಂದು ಹುಡುಗನ ಕಡಿಯವರ ಹತ್ರ. ತಕರಾರು ಬಂದ್ರ ಎರಡೂ ಜೋಡಿಸಿ ನೋಡೋದು, ಹಲ್ಲು ಕೂಡಿದ್ರ ಅಸಲಿ. ಆ ಪತ್ರದಾಗ ಏನಿರ್ತಿತ್ತು ಅಂದ್ರ, ಮಾಲೀಕನ ಗುಟ್ಟು ಹೊರಗ ಬಿಡಬಾರದು, ಅವನ ಸಾಮಾನು ಹಾಳು ಮಾಡಬಾರದು, ಯಾರಿಗೂ ಕೊಡಬಾರದು, ಇಸ್ಪೀಟು ಪಗಡೆ ಆಡಬಾರದು, ಹೆಂಡದಂಗಡಿಗೂ ನಾಟಕಕ್ಕೂ ಹೋಗಬಾರದು, ಅವಧಿ ಮುಗಿಯೋ ತನಕ ಮದುವಿ ಆಗಬಾರದು, ಹಗಲಾಗ್ಲಿ ರಾತ್ರಿ ಆಗ್ಲಿ ಹೇಳದೆ ಹೊರಗ ಹೋಗಬಾರದು. ಈ ಕಡಿಂದ ಮಾಲೀಕ ಏನು ಕೊಡಬೇಕು? ಊಟ, ಬಟ್ಟೆ, ಇರಲಿಕ್ಕೆ ಜಾಗ, ಮತ್ತ ಕಸುಬಿನ ವಿದ್ಯೆ. ಪಗಾರ ಇಲ್ಲ. ಎಷ್ಟೋ ಕಡೆ ಸೇರಿಸ್ಕೊಳ್ಳಲಿಕ್ಕೆ ಹುಡುಗನ ಅಪ್ಪನೇ ದುಡ್ಡು ಕೊಡಬೇಕಿತ್ತು.

ಇಷ್ಟೆಲ್ಲಾ ಬರೆದಿಟ್ರೂ ಹುಡುಗ್ರು ಹುಡುಗ್ರೇ. 1517ರ ಮೇ ಒಂದರ ಹಿಂದಿನ ರಾತ್ರಿ ಲಂಡನ್ನಿನ ಕಲಿಕೆ ಹುಡುಗ್ರು ಪರದೇಶಿ ಕಸುಬುದಾರರ ಮೇಲೆ ದೊಡ್ಡ ಗಲಾಟೆ ಮಾಡಿದ್ರು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಗೊತ್ತಲ್ಲ, 1718ರಲ್ಲಿ ತನ್ನ ಸ್ವಂತ ಅಣ್ಣನ ಪ್ರೆಸ್ಸಿಗೆ 12ನೇ ವಯಸ್ಸಿಗೆ ಸೇರಿದ, 21 ಆಗೋ ತನಕ ಇರಬೇಕು ಅಂತ ಕರಾರು, ಪಗಾರ ಕಡೇ ವರ್ಷಕ್ಕ ಮಾತ್ರ. ಅಣ್ಣ ಹೊಡೀತಿದ್ದ. 1723ರಲ್ಲಿ ಬಾಸ್ಟನ್ ಬಿಟ್ಟು ಓಡಿಹೋದ. ಅದೇ ಮುಂದ ದೊಡ್ಡ ವಿಜ್ಞಾನಿ ಆದ ಮೈಕೆಲ್ ಫ್ಯಾರಡೇಗೆ ಸಿಕ್ಕ ಮಾಲೀಕ ಒಳ್ಳೆಯವ. 1805ರಲ್ಲಿ ಬುಕ್ ಬೈಂಡಿಂಗ್ ಅಂಗಡಿಗೆ ಏಳು ವರ್ಷಕ್ಕ ಸೇರಿದ, ರಟ್ಟು ಹಾಕಲಿಕ್ಕೆ ಬಂದ ಪುಸ್ತಕಗಳನ್ನ ಓದ್ತಾ ಕುಂತ್ರೂ ಬೈಲಿಲ್ಲ. ಇವತ್ತು ನಿಮ್ಮ ಗ್ಯಾರೇಜಿನಾಗ ಓಡೋ ಪ್ರತಿ ಕರೆಂಟಿನ ಮೋಟಾರೂ ಆ ಹುಡುಗನ ಋಣದಾಗ ಐತಿ.

ಫಿಟ್ಟರ್_ಸಂಡೂರು

ಮಾಸ್ತರ್ ಬರ್ದಿದ್ದು ಸೂಪರ್. ಇಲ್ಲಿ ಎಲ್ಲಾ ಮಾಲೀಕ್ರೇ ಮಾತಾಡ್ತಿದ್ದೀರಿ, ಹುಡುಗ್ರ ಕಡೆಯಿಂದ ನಾನೊಂದು ಹೇಳ್ತೀನಿ. ನಾನು ಒಂದು ದೊಡ್ಡ ಕಾರ್ಖಾನೆಯಾಗೆ ಅಪ್ರೆಂಟಿಸ್ ಮಾಡ್ದೋನು, ಹೆಸ್ರು ಬ್ಯಾಡ. ಶೂ ಹಾಕಿದ್ವಿ, ಹೆಲ್ಮೆಟ್ ಹಾಕಿದ್ವಿ, ಟೈಮಿಗೆ ಪಂಚ್ ಮಾಡಿದ್ವಿ, ಸರ್ ಸರ್ ಅಂದ್ವಿ. ಪೂರಾ ಶಿಸ್ತು. ಕಲ್ತದ್ದೇನು ಅಂದ್ರೆ ಸ್ಟೋರಿಂದ ಬೇರಿಂಗ್ ತರೋದು, ರಿಜಿಸ್ಟರ್ ಬರಿಯೋದು. ಪಂಪ್ ಅಲೈನ್‌ಮೆಂಟ್ ಮಾಡುವಾಗ ಡಯಲ್ ಗೇಜ್ ನಂ ಕೈಗೆ ಕೊಡ್ರಿ ಅಂದ್ರೆ "ಟೈಮಿಲ್ಲ, ದೂರ ನಿಂತ್ಕೊಂಡು ನೋಡು" ಅಂತಿದ್ರು. ಒಬ್ಬ ಹಳೇ ಫಿಟ್ಟರ್ ಇದ್ರು, ರಿಟೈರ್‌ಮೆಂಟ್ ಹತ್ರ ಬಂದಿತ್ತು, ಅವ್ರು ರಾತ್ರಿ ಶಿಫ್ಟಾಗೆ ಲೈನ್ ನಿಂತಾಗ ಕರ್ದು, ಶಾಫ್ಟ್ ತಿರುಗಿಸ್ತಾ ಮುಳ್ಳು ಎಲ್ಲಿ ಓಡ್ತೈತೆ ನೋಡು, ಯಾವ ಕಾಲಿನ ಕೆಳಗೆ ಎಷ್ಟು ಶಿಮ್, ಅಂದ್ರೆ ತೆಳು ತಗಡು, ಇಡ್ಬೇಕು ನೀನೇ ಹೇಳು ಅಂತ ನನ್ ಕೈಯಾಗೇ ಮಾಡ್ಸಿದ್ರು. ಇವತ್ತು ಊಟ ಮಾಡ್ತಿರೋದು ಅದರಿಂದ. ಆ ಮನುಷ್ಯ ಚಹಾ ತಗೊಂಬಾ ಅಂದಿದ್ರೆ ಓಡಿಹೋಗಿ ತರ್ತಿದ್ದೆ, ಆದ್ರೆ ಅವ್ರು ತಾವೇ ನಂಗೆ ತರ್ಸಿ ಕೊಡ್ತಿದ್ರು.

ಅಣ್ಣ ನಿಮ್ ಹುಡುಗ ಚಹಾಕ್ಕೆ ಮಾರಿ ಸಣ್ಣದು ಮಾಡ್ತಿಲ್ಲ, ಬರೀ ಚಹಾನೇ ಆಗೋಯ್ತಲ್ಲ ಅಂತ ಮಾಡ್ತಾವ್ನೆ ಅನ್ಸುತ್ತೆ.

ಗಂಗಾವತಿ_ಗ್ಯಾರೇಜ್

ಸಂಡೂರು ತಮ್ಮಾ, ಹಂಗಂತ ಬಂದ ವಾರದಾಗ ಇಂಜಿನ್ ಬಿಚ್ಚಾಕ ಕೊಟ್ಟು, ಅಂವ ಪಿಸ್ಟನ್ ರಿಂಗ್ ಉಲ್ಟಾ ಹಾಕಿ ಗಿರಾಕಿ ಗಾಡಿ ಹೊಗಿ ಬಿಟ್ರ ನಷ್ಟ ಯಾರಪ್ಪನ ಮನಿದು? ಗಿರಾಕಿ ಬೈಯೋದು ನನಗ. ಮೊದ್ಲು ಚಕ್ರ ಬಿಚ್ಚೋದು, ಬ್ರೇಕ್ ಶೂ, ಚೈನ್ ಸೆಟ್, ಆಮ್ಯಾಲ ಕ್ಲಚ್ ಪ್ಲೇಟ್, ಆಮ್ಯಾಲ ಹೆಡ್. ಅದಕ್ಕೊಂದು ಲೈನ್ ಐತಿ. ಮತ್ತ ಕಲಿತ ಮರುದಿನ ಎದುರಿಗೇ ಗ್ಯಾರೇಜ್ ಹಾಕ್ತಾರಲ್ಲ, ಅದಕ್ಕೇನು ಹೇಳ್ತಿ?

ಕಿನ್ನಾಳ_ಹುಡುಗಿ

ಲೈನ್ ಐತಿ ಅಂದ್ರಲ್ಲ ಅಣ್ಣಾರ, ಆ ಲೈನ್ ಹುಡುಗನಿಗೆ ಹೇಳೀರೇನ್ರಿ? ನಂದು ಕೊಪ್ಪಳದ ಹತ್ರ ಕಿನ್ನಾಳ, ಗೊಂಬಿ ಮಾಡೋ ಮನಿತನ. ನಮ್ಮಲ್ಲಿ ಕಲಿಯೋದು ಬ್ಯಾರೆ ಥರ. ಸಣ್ಣ ಹುಡುಗ್ರಿಗೆ ಮೊದ್ಲು ಬರೋದು ಹುಣಸಿ ಬೀಜ, ನೆನಸಿ ಅರದು ಅಂಟು ಮಾಡೋದು, ಅದನ್ನ ಗೋಣಿ ನಾರು, ಕಟ್ಟಿಗಿ ಪುಡಿಗೆ ಕಲಿಸಿ ಗೊಂಬಿ ಸಂದಿಗೆ ತುಂಬೋದು. ಒಣಗಿದ ಮ್ಯಾಲ ತಿಕ್ಕೋದು. ಭಾಳ ಬ್ಯಾಸ್ರ ಆಗೋ ಕೆಲ್ಸ, ಬೆರಳ ತುದಿ ಉರೀತಿರ್ತಾವು, ಆದ್ರ ತಿಕ್ಕಿ ತಿಕ್ಕಿನೇ ಗರುಡನ ಮೂಗು ಎಷ್ಟು ಚೂಪಿರ್ಬೇಕು ಅಂತ ಕೈಗೆ ಗೊತ್ತಾಗ್ತೈತಿ. ಬಣ್ಣ ಆಮ್ಯಾಲ. ಕಣ್ಣು ಬರಿಯೋದು ಎಲ್ಲಾಕಿಂತ ಕಡೀಕ, ಅದನ್ನ ಮನಿ ಹಿರೇರೇ ಬರೀತಿದ್ರು. ಈ ಸಾಲು ಮನಿಯಾಗ ಎಲ್ಲಾರಿಗೂ ಗೊತ್ತಿತ್ತು, ಅದಕ್ಕ ಯಾರೂ ನನಗ ಯಾವಾಗ ಅಂತ ಕೇಳ್ತಿರ್ಲಿಲ್ಲ.

ಎದುರಿಗೆ ಅಂಗಡಿ ಹಾಕ್ತಾರ ಅನ್ನೋ ಭಯಕ್ಕ ನಮ್ಮ ಹಿರೇರು ಕಂಡ್ಕೊಂಡ ದಾರಿ ಅಂದ್ರ ಹೊರಗಿನೋರಿಗೆ ಹೇಳಿಕೊಡದೇ ಇರೋದು. ಪರಿಣಾಮ ಏನಾತು? ಕಸುಬು ಉಳಿದಿರೋ ಮನಿ ಬೆರಳೆಣಿಕಿ, ಜಿಐ ಟ್ಯಾಗ್ ಬಂತು, ಮಾಡೋ ಕೈ ಕಡಿಮಿ ಆದ್ವು. ಹೆಣ್ಮಕ್ಕಳು ಅಂಟು ಅರಿಯೋದು, ಬಣ್ಣ ತುಂಬೋದು ಎಲ್ಲಾ ಮಾಡಿದ್ರೂ ಕಲಾವಿದ್ರು ಅಂತ ಹೆಸರು ಗಂಡಸರಿಗೆ. ಮಾಸ್ತರ್ರು ಹೇಳಿದ ಹಳೇ ಪುಸ್ತಕದಾಗ ಮಗನ ಹಂಗ ನೋಡ್ಕೋಬೇಕು ಅಂತೈತಿ, ಮಗಳ ಹಂಗ ಅಂತ ಎಲ್ಲಾರ ಐತೇನ್ರಿ ಸರ್?

ರಾಯಚೂರು_ಮಾಸ್ತರ್

ಇಲ್ಲ ತಂಗಿ. ಇಂಗ್ಲಿಷರು ನಮ್ಮ ದೇಶಕ್ಕ 1850ರಲ್ಲಿ ಒಂದು ಅಪ್ರೆಂಟಿಸ್ ಕಾಯ್ದೆ ತಂದ್ರು, ಅನಾಥ ಮಕ್ಕಳು, ಬಡವರ ಮಕ್ಕಳು ಕಸುಬು ಕಲೀಲಿ ಅಂತ. 10ರಿಂದ 18 ವಯಸ್ಸಿನೊಳಗಿನವರನ್ನ ಏಳು ವರ್ಷ ಮೀರದಂಗ ಕರಾರಿಗೆ ಹಾಕಬಹುದು. ಹುಡುಗನಿಗಾದ್ರ 21 ತುಂಬೋ ತನಕ, ಹುಡುಗಿಗಾದ್ರ ಮದುವಿ ಆಗೋ ತನಕ. ಹುಡುಗಿಯರ ಹೆಸರು ಬಂತು, ಬಂದ ಸಾಲಿನಾಗೇ ಮದುವಿನೂ ಬಂತು ನೋಡು. ಮತ್ತ ಹೊರಗಿನವರಿಗೆ ಹೇಳಿಕೊಡದೇ ಇರೋದು ನಿಮ್ಮ ಮನಿತನ ಒಂದರ ಮಾತಲ್ಲ, ನಮ್ಮ ದೇಶದಾಗ ಕಸುಬು ಹೆಚ್ಚಾಗಿ ಜಾತಿಯೊಳಗೇ, ಅಪ್ಪನಿಂದ ಮಗನಿಗೆ ಹೋಗ್ತಿತ್ತು, ಎಷ್ಟೋ ಮಂದಿಗೆ ಕರಾರು ಬರೆಯೋ ಬಾಗಿಲೇ ತೆರೀಲಿಲ್ಲ. ಹಳೇದನ್ನ ಹೊಗಳುವಾಗ ಇದನ್ನ ಬಿಟ್ಟು ಹೊಗಳಬಾರದು.

ಗ್ಯಾರೇಜ್ ಅಣ್ಣಾರ ಭಯಕ್ಕ ಒಂದು: ಜರ್ಮನಿಯಲ್ಲಿ ಕಲಿಕೆ ಮುಗಿಸಿದ ಬಡಿಗ್ಯಾರ ಹುಡುಗ್ರು ಕರೀ ಬಟ್ಟೆ, ಕರೀ ಹ್ಯಾಟ್ ಹಾಕ್ಕೊಂಡು ಮೂರು ವರ್ಷ ಒಂದು ದಿನ ಊರೂರು ತಿರುಗ್ತಾ ಬೇರೆ ಬೇರೆ ಯಜಮಾನರ ಹತ್ರ ಕೆಲಸ ಮಾಡೋ ಪದ್ಧತಿ ಐತಿ, ಈಗಲೂ ಕೆಲವರು ಮಾಡ್ತಾರ. ಅಷ್ಟು ದಿನ ತಮ್ಮೂರಿನ ಸುತ್ತ 50 ಕಿಲೋಮೀಟರ್ ಒಳಗ ಕಾಲಿಡೋ ಹಂಗಿಲ್ಲ. ಗಂಗಾವತಿಯಿಂದ ಲೆಕ್ಕ ಹಾಕಿದ್ರ ನಿಮ್ಮ ಹುಡುಗ ಹೊಸಪೇಟಿಯಲ್ಲೂ ಅಂಗಡಿ ಹಾಕಂಗಿಲ್ಲ.

ಐಟಿಐ_ಸರ್

ತಡವಾಗಿ ನೋಡ್ದೆ. ನಾನು ಐಟಿಐನಲ್ಲಿ ಜೆಟಿಒ, ಅಂದ್ರೆ ಕಿರಿಯ ತರಬೇತಿ ಅಧಿಕಾರಿ, ಕಾನೂನು ಏನೈತೆ ಅಂತ ಕೇಳಿದ್ದಕ್ಕೆ ಯಾರೂ ಪೂರ್ತಿ ಉತ್ರ ಕೊಟ್ಟಿಲ್ಲ, ಅದಕ್ಕೆ ಬರೀತಿದೀನಿ.

ಈಗ ನಡೀತಿರೋದು 1961ರ ಅಪ್ರೆಂಟಿಸಸ್ ಕಾಯ್ದೆ. ನಡತೆ ಬಗ್ಗೆ 12ನೇ ಸೆಕ್ಷನ್ ನೋಡಿ: ಶ್ರದ್ಧೆಯಿಂದ ಕಸುಬು ಕಲೀಬೇಕು, ಪ್ರಾಕ್ಟಿಕಲ್ಲು ಕ್ಲಾಸು ತಪ್ಪಿಸ್ಬಾರ್ದು, ಮಾಲೀಕ ಮತ್ತು ಮೇಲಿನೋರು ಹೇಳಿದ ಕಾನೂನುಬದ್ಧ ಆದೇಶ ಪಾಲಿಸ್ಬೇಕು, ಕರಾರಿನಲ್ಲಿ ಒಪ್ಪಿದ್ದು ಮಾಡ್ಬೇಕು. ಅಷ್ಟೇ. ಇಸ್ಪೀಟು ಮದುವೆ ಏನೂ ಇಲ್ಲ, ಹೆದರ್ಬೇಡಿ. 17ನೇ ಸೆಕ್ಷನ್ ಪ್ರಕಾರ ಶಿಸ್ತಿನ ವಿಷಯದಲ್ಲಿ ಅದೇ ಥರದ ಬೇರೆ ಕೆಲಸಗಾರರಿಗೆ ಯಾವ ನಿಯಮನೋ ಅಪ್ರೆಂಟಿಸ್‌ಗೂ ಅದೇ. ಅಂದ್ರೆ ಫೋನ್ ಬಂದ್ ಅನ್ನೋದಾದ್ರೆ ಹಳೇ ಹುಡುಗ್ರಿಗೂ ಬಂದ್, ಇವನೊಬ್ಬನಿಗೆ ಅಂತ ಬೋರ್ಡ್ ಹಾಕೋದು ಸರಿ ಹೋಗಲ್ಲ. ಅಪ್ರೆಂಟಿಸ್ ಅಂದ್ರೆ ಕಲಿಯೋನು, ಕೆಲಸಗಾರ ಅಲ್ಲ ಅಂತ 18ರಲ್ಲಿ ಹೇಳಿದೆ. ಸ್ಟೈಪೆಂಡ್ ಪೀಸ್ ಲೆಕ್ಕದಲ್ಲಿ ಕೊಡೋ ಹಂಗಿಲ್ಲ ಅಂತ 13ರಲ್ಲಿ, ಟೈಲರಣ್ಣ ಹೇಳಿದ ರೋಗಕ್ಕೆ ಮದ್ದು ಅಲ್ಲೇ ಬರೆದಿಟ್ಟಿದ್ದಾರೆ. ಟ್ರೈನಿಂಗ್‌ಗೆ ಸಂಬಂಧ ಇಲ್ಲದ ಕೆಲಸಕ್ಕೆ ಹಚ್ಚಿದ್ರೆ ಮಾಲೀಕನಿಗೆ ದಂಡ, ಮಾಸ್ತರ್ ಹೇಳಿದ ಕಾತ್ಯಾಯನನ ಮಾತೇ ಇದು. ಕಲಿಕೆ ಮುಗಿದ ಮೇಲೆ ಕೆಲಸ ಕೊಡ್ಲೇಬೇಕು ಅಂತ ಇಲ್ಲ, ಅವನೂ ನಿಮ್ಮಲ್ಲೇ ಇರಬೇಕು ಅಂತ ಇಲ್ಲ, ಕರಾರಿನಲ್ಲಿ ಬರ್ಕೊಂಡಿದ್ರೆ ಮಾತ್ರ. ಎದುರಿನ ಗ್ಯಾರೇಜ್ ಭಯಕ್ಕೆ ಇಷ್ಟೇ ಉತ್ರ.

ಹದಿನಾಲ್ಕು ತುಂಬದ ಮಕ್ಕಳ ವಿಷಯ ಬೇರೆ, ಅವ್ರನ್ನ ಗ್ಯಾರೇಜಿಗೆ ಕಲಿಯಾಕೆ ಅಂತಾನೂ ಇಟ್ಕೊಳಂಗಿಲ್ಲ. ನಮ್ಮ ಕಡೆ "ಚೋಟು ಪಾನಾ ಕೊಡು" ಅನ್ನೋ ಧ್ವನಿ ಇನ್ನೂ ಕೇಳುತ್ತೆ, ಅದನ್ನ ಕಲಿಕೆ ಅಂತ ಕರಿಯೋದು ನಂಗಿಷ್ಟ ಇಲ್ಲ.

ಗಂಗಾವತಿ_ಗ್ಯಾರೇಜ್

ಇಷ್ಟ್ ಮಂದಿ ಇಷ್ಟ್ ಉದ್ದ ಬರೀತೀರಿ ಅಂತ ಅನ್ಕೊಂಡಿರ್ಲಿಲ್ಲ, ಉಪಕಾರ ಆತ್ರಿ. ಎಲ್ಲಾ ಒಪ್ಪಂಗಿಲ್ಲ, ಚಹಾ ತರೋದ್ರಾಗ ಅವಮಾನ ಏನೈತಿ ಅಂತ ನನಗ ಈಗ್ಲೂ ಅನಸ್ತೈತಿ. ಆದ್ರ ಅದನ್ನ ಪಾಳಿ ಮ್ಯಾಲ ಹಚ್ಚತೀನಿ, ನನ್ ತಮ್ಮನ ಹೆಸರೂ ಸೇರ್ಸಿ. ಗೋಡಿಮ್ಯಾಲ ಹಾಕೋದು ಇಷ್ಟು: ಹೊತ್ತಿಗೆ ಸರಿಯಾಗಿ ಬರೋದು, ಗಾಡಿ ಮುಂದ ಫೋನ್ ಇಲ್ಲ, ಇದು ಎಲ್ಲಾರಿಗೂ, ಗಿರಾಕಿ ಗಾಡಿಮ್ಯಾಲ ಸುತ್ತಾಡಾಕ ಹೋಗಬಾರ್ದು, ಬಿಚ್ಚಿದ ನಟ್ಟು ಮುಚ್ಚಳದಾಗ ಇಡ್ಬೇಕು, ಪಾನಾ ಒರಸಿ ಜಾಗಕ್ಕ ಇಡ್ಬೇಕು. ಅದರ ಪಕ್ಕದಾಗ ಕಿನ್ನಾಳದ ತಂಗಿ ಹೇಳಿದ ಸಾಲು: ಬ್ರೇಕ್ ಯಾವಾಗ, ಕ್ಲಚ್ ಯಾವಾಗ, ಹೆಡ್ ಯಾವಾಗ, ಬೋರ್ ಯಾವಾಗ, ತಿಂಗಳ ಹಾಕಿ. ಐಟಿಐ ಸರ್ರ, ನಮ್ಮಂಥ ಸಣ್ಣ ಗ್ಯಾರೇಜಿನೋರು ಆ ಕರಾರು ಸರ್ಕಾರದಾಗ ನೋಂದಾಯಿಸಾಕ ಬರ್ತೈತೇನ್ರಿ? ಸ್ಟೈಪೆಂಡ್ ಎಷ್ಟು ಕೊಡ್ಬೇಕು? ಕೈಗೆ ಪೆಟ್ಟಾದ್ರ ಹೆಂಗ?

ಐಟಿಐ_ಸರ್

ಬರ್ತದೆ. 2019ರ ತಿದ್ದುಪಡಿ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನ ಇದ್ರೆ ಕಡ್ಡಾಯ, 4ರಿಂದ 29 ಇದ್ರೆ ಇಷ್ಟ ಇದ್ರೆ ಸೇರಬಹುದು, ನಿಮ್ಮಲ್ಲಿ ನಾಕು ಜನ ಅಂದ್ರಲ್ಲ ಸಾಕು. ಐಟಿಐ ಪಾಸಾದವನಿಗೆ ಅದೇ ತಿದ್ದುಪಡಿಯಲ್ಲಿ ತಿಂಗಳಿಗೆ ಕನಿಷ್ಠ 7000 ಅಂತ ಮಾಡಿದ್ರು, ಈಗಿನ ದರ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲೇ ನೋಡಿ ಹಾಕಿ. ಎನ್‌ಎಪಿಎಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆ) ಅಂತ 2016ರ ಸ್ಕೀಮ್ ಐತೆ, ಅದರಲ್ಲಿ ಸ್ಟೈಪೆಂಡಿನ 25 ಪರ್ಸೆಂಟ್, ತಿಂಗಳಿಗೆ 1500 ಮೀರದಂಗೆ, ಸರ್ಕಾರ ಭರಿಸುತ್ತೆ. ಪೆಟ್ಟಾದ್ರೆ ಕಾರ್ಮಿಕರಿಗೆ ಹೆಂಗೋ ಹಂಗೇ ಪರಿಹಾರ ನೀವೇ ಕೊಡ್ಬೇಕು, 16ನೇ ಸೆಕ್ಷನ್. ಹುಡುಗನ ಆಧಾರ್, ಬ್ಯಾಂಕ್ ಪಾಸ್‌ಬುಕ್, ಐಟಿಐ ಮಾರ್ಕ್ಸ್ ಕಾರ್ಡ್, ನಿಮ್ ಗ್ಯಾರೇಜ್ ಲೈಸೆನ್ಸ್ ತಗೊಂಡು ಹತ್ರದ ಸರ್ಕಾರಿ ಐಟಿಐಗೆ ಹೋಗಿ. ಹುಡುಗನ್ನೂ ಕರ್ಕೊಂಡು ಹೋಗಿ, ಕರಾರು ಅವನೂ ಓದಿ ಸಹಿ ಮಾಡ್ಲಿ.